ತನ್ನ ಕ್ಲಾಸಿಗೆ ತಾನೇ ವಿದ್ಯಾರ್ಥಿ

ಎಮೆಟ್ ಹಾಲ್ವರ್ಸನ್ ಲ್ಯಾಬಿನಲ್ಲಿ ಕಪ್ಪೆ ಕೊಯ್ದ ತಟ್ಟೆಗಳನ್ನು ತೊಳೆಯುತ್ತಿದ್ದಾಗ ಫೋನು ಟಣ್ ಎಂದಿತು. ಒದ್ದೆ ಕೈಯಲ್ಲೇ ಓದಿದ. ಹನ್ನೊಂದನೆಯ ತಟ್ಟೆ ಜಾರಿ ಸಿಂಕಿಗೆ ಬಿತ್ತು.

ಅವನು ಅರ್ಜಿ ಹಾಕಿದ್ದ ಮೆಡಿಕಲ್ ಕಾಲೇಜು ಬರೆದಿತ್ತು: "ಮೊದಲ ವರ್ಷದ ಜೀವಶಾಸ್ತ್ರವನ್ನು ನೀವು ಕಾಲೇಜಿನಲ್ಲಿ ಕೂತು ಕಲಿತಿಲ್ಲ. ಎ.ಪಿ. ಪರೀಕ್ಷೆಯ ಅಂಕ ನಮಗೆ ನಡೆಯುವುದಿಲ್ಲ. ಈ ಸೆಮಿಸ್ಟರಿನಲ್ಲೇ ಆ ತರಗತಿಗೆ ಸೇರಿದರೆ ಮಾತ್ರ ಅರ್ಜಿ ಮುಂದಕ್ಕೆ."

ಎಮೆಟ್ ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ಆ ಪರೀಕ್ಷೆ ಬರೆದು ಐದಕ್ಕೆ ಐದು ತೆಗೆದಿದ್ದ. ಅದನ್ನು ನೋಡಿ ಅವನ ಕಾಲೇಜು ಮೊದಲ ವರ್ಷದ ಜೀವಶಾಸ್ತ್ರ ನಿನಗೆ ಬೇಡ ಎಂದಿತ್ತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎರಡು ವರ್ಷದಿಂದ ಅದೇ ತರಗತಿಯ ಹುಡುಗರಿಗೆ ಲ್ಯಾಬಿನಲ್ಲಿ ಪಾಠ ಹೇಳುತ್ತಿದ್ದವನೂ ಅವನೇ.

"ಅಂದ್ರೆ ನೀನು ಕಲಿಸೋದನ್ನ ನೀನೇ ಕಲ್ತಿಲ್ಲ ಅಂತಾಯ್ತು," ಎಂದಳು ಜೊತೆಯ ಸಹಾಯಕಿ ಥೀಯಾ. "ಹೋಗಿ ನಿನ್ನ ಕ್ಲಾಸಿಗೆ ನೀನೇ ಸೇರ್ಕೋ. ಇವತ್ತೇ ಕೊನೇ ದಿನ. ಐದು ಗಂಟೆಗೆ ಆಫೀಸು ಮುಚ್ತಾರೆ."

"ನನಗೆ ನಾನೇ ಮಾರ್ಕ್ಸ್ ಹಾಕ್ಕೊಳ್ಳೋದಾ?"

"ಜಾಸ್ತಿ ಹಾಕ್ಕೋಬೇಡ ಮಾರಾಯ, ಗುಮಾನಿ ಬರುತ್ತೆ," ಎಂದ ಸ್ಟೋರು ನೋಡಿಕೊಳ್ಳುವ ವರ್ನ್.

ಆಫೀಸಿನ ಮಿಸೆಸ್ ಟಾಫ್ಟೆ ಕನ್ನಡಕದ ಮೇಲಿಂದ ನೋಡಿದಳು. "ಪಾಠ ಹೇಳೋರು ಅದೇ ಕ್ಲಾಸಲ್ಲಿ ಕೂರೋ ಹಾಗಿಲ್ಲಪ್ಪ. ಮೊದ್ಲು ಕೆಲಸ ಬಿಡು."

ಬಿಟ್ಟ.

"ಎ.ಪಿ. ಅಂಕಾನೂ ಬಿಡು. ಒಂದೇ ಪಾಠ ಎರಡು ಸಲ ಲೆಕ್ಕಕ್ಕಿಲ್ಲ."

ಅದನ್ನೂ ಬಿಟ್ಟ. ಮೀಸೆ ಬಂದವನನ್ನು ಶಿಶುವಿಹಾರಕ್ಕೆ ಸೇರಿಸಿದಂತೆ ಪಟ್ಟಿಯ ತುದಿಯಲ್ಲಿ ಅವನ ಹೆಸರು ಕೂತಿತು. ಆ ತರಗತಿಯ ಪ್ರೊಫೆಸರರಿಗೆ ಹೇಳಲು ನಾಚಿಕೆಯಾಗಿ ಆ ಮಾತನ್ನು ಸೋಮವಾರಕ್ಕೆ ಮುಂದೂಡಿದ. ಅಂತೂ ಡಾಕ್ಟರಾಗುವ ದಾರಿ ತೆರೆದಿತ್ತಲ್ಲ, ಕ್ಯಾಂಟೀನಿನಿಂದ ಎಲ್ಲರಿಗೂ ಸೇಬಿನ ಪೈ ತಂದ.

ಐದು ಗಂಟೆ ಐದು ನಿಮಿಷಕ್ಕೆ ಪ್ರೊಫೆಸರ್ ಬ್ರಾಂಡ್‌ವೋಲ್ಡ್ ಲ್ಯಾಪ್‌ಟಾಪು ಅವಚಿಕೊಂಡು ಬಂದರು. ಮುಖ ಮೊಮ್ಮಗು ಹುಟ್ಟಿದಷ್ಟು ಅರಳಿತ್ತು.

"ಎಮೆಟ್, ಆಫೀಸಿನವರು ಎಂಥಾ ಎಡವಟ್ಟು ಮಾಡಿದ್ರು ಗೊತ್ತಾ? ನನ್ನ ಮೊದಲ ವರ್ಷದ ಪಟ್ಟಿಗೆ ನಿನ್ನ ಹೆಸರು ಸೇರ್ಸಿದ್ರು. ಐದಕ್ಕೆ ಎರಡು ನಿಮಿಷ ಇರೋವಾಗ ಕಣ್ಣಿಗೆ ಬಿತ್ತು. ತೆಗೆದುಹಾಕ್ದೆ."

ಎಮೆಟ್ ಬಾಯಲ್ಲಿದ್ದ ಪೈ ಬಾಯಲ್ಲೇ ಉಳಿಯಿತು. "ಸರ್... ಆಫೀಸು..."

"ಮುಚ್ಚಾಯ್ತು. ಥ್ಯಾಂಕ್ಸ್ ಎಲ್ಲ ಬೇಡ. ಆಗ್ಲೇ ನೆನಪಾಯ್ತು ನೋಡು, ಮೆಡಿಕಲ್ ಕಾಲೇಜಿಗೆ ನಿನ್ನ ಶಿಫಾರಸು ಪತ್ರ ಕಳಿಸ್ಬೇಕಿತ್ತು. ಒಂಬತ್ತು ವಾರ ಕಾಯಿಸ್ಬಿಟ್ಟೆ ಪಾಪ. ಈಗ ಬರ್ದೆ, ಕೇಳು." ಅವರು ಗಂಟಲು ಸರಿಮಾಡಿಕೊಂಡು ಓದಿದರು: "'ಮೊದಲ ವರ್ಷದ ಜೀವಶಾಸ್ತ್ರ ಇವನಿಗೆ ಅಗತ್ಯವೇ ಇಲ್ಲ. ಇಂದು ತಪ್ಪಿ ಪಟ್ಟಿಗೆ ಸೇರಿದ್ದ ಇವನ ಹೆಸರನ್ನು ನಾನೇ ನನ್ನ ಕೈಯಾರೆ ತೆಗೆದಿದ್ದೇನೆ.'"

ಥೀಯಾಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

"ಸರ್, ಒಂದೇ ಒಂದು ನಿಮಿಷ..."

"ಇನ್ನೂ ಕಾಯಿಸೋದು ಚೆನ್ನಾಗಿರಲ್ಲ," ಎಂದು ಪ್ರೊಫೆಸರರು ಕಳಿಸುವ ಗುಂಡಿ ಒತ್ತಿದರು. ಪತ್ರ ಹೋಯಿತು.