ಹೋರಿ ಇಕ್ಕಳದಿಂದ ಪೈಪು ಬಿಗಿದದ್ದು

ಕೈಗೆ ಹತಾರ ಸಿಕ್ಕ ಕೂಡಲೇ ಗಂಡಸಿನ ಬುದ್ಧಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದವರು ಯಾರಾದರೂ ಹೇಳಬೇಕು. ಆಫೀಸಿನಲ್ಲಿ ಒಂದು ಸಹಿ ಹಾಕಲು ಹತ್ತು ಸಲ ಯೋಚಿಸುವ ನಾನು, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಹಿಂದುಮುಂದು ನೋಡುವುದಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಲು ಕೂತು, ಪಕ್ಕದಲ್ಲಿ ಸುಮ್ಮನೆ ನೆಟ್ಟಗಿದ್ದದ್ದನ್ನೂ ಕೆಡಿಸಿ ಏಳುತ್ತೇನೆ. ನನ್ನ ಹೆಂಡತಿ ಸಾವಿತ್ರಿ ಈಗೀಗ ಬಹಳ ಹುಷಾರಾಗಿದ್ದಾಳೆ. ಮಿಕ್ಸರು ಕೆಟ್ಟರೆ ನನ್ನ ಕಣ್ಣಿಗೆ ಬೀಳದ ಹಾಗೆ ಚೀಲದಲ್ಲಿಟ್ಟು, ಮೇಲೆ ಮೆಂತ್ಯೆ ಸೊಪ್ಪು ಮುಚ್ಚಿ, ಬಜಾರಿಗೆ ಒಯ್ಯುತ್ತಾಳೆ.

ನಾನು ಜಮಖಂಡಿಯ ದನದ ದವಾಖಾನೆಯಲ್ಲಿ ಗುಮಾಸ್ತ. ನಮ್ಮದು ಹುನ್ನೂರ ಕಡೆಯ ಕುರಿ ಕಾಯುವ ಮನೆತನ. ಅಜ್ಜ ಕುರಿಗಳ ಹಿಂದೆ ತಿರುಗಿದ. ನಾನು ಕುರಿಗಳ ಲಸಿಕೆಯ ಫೈಲಿನ ಹಿಂದೆ ತಿರುಗುತ್ತೇನೆ. ಫೈಲು ಹೊಲ ಮೇಯುವುದಿಲ್ಲ ಎಂಬುದೊಂದೇ ಸಮಾಧಾನ. ಅತ್ತ ಹೊಳೆಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ನಿಂತಿದ್ದರೂ ನಮ್ಮ ಓಣಿಯ ನಳಕ್ಕೆ ನೀರು ಬರುವುದು ದಿನ ಬಿಟ್ಟು ದಿನ, ಮುಂಜಾನೆ ಸ್ವಲ್ಪ ಹೊತ್ತು. ಅಂಗಳದ ಮೋಟರಿನಿಂದ, ಮಾಳಿಗೆಯ ಮೇಲಿನ ನೀರಿನ ಟಾಕಿಗೆ ಏರುವ ಕೊಳವೆಯ ಬುಡಕ್ಕೆ ಒಂದು ರಬ್ಬರ್ ಪೈಪು. ಅದರ ಎರಡೂ ತುದಿಯ ಕ್ಲಾಂಪುಗಳು ತುಕ್ಕು ಹಿಡಿದು, ಏರಬೇಕಾದ ನೀರು ಅರ್ಧ ಅಂಗಳಕ್ಕೇ ಹರಿಯುತ್ತಿತ್ತು.

ಬೇರೆ ಸಮಯವಾಗಿದ್ದರೆ ಹರಿಯಲಿ ಅನ್ನಬಹುದಿತ್ತು. ಆದರೆ ಆ ಸಲ ನೀರಿನ ಪಾಳಿ ಬಂದ ದಿನವೇ ನನ್ನ ತಂಗಿ ರೇಣುಕಾಳನ್ನು ನೋಡಲು ರನ್ನ ಬೆಳಗಲಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಸಾಲಿ ಮಾಸ್ತರ. ಫೋಟೋ ನೋಡಿದ ಮೇಲೆ ರೇಣುಕಾ ಎರಡು ಸಲ ಚಹಾಕ್ಕೆ ಸಕ್ಕರೆ ಮರೆತಿದ್ದಳು. "ಈ ಸಂಬಂಧ ಆಕಿ ಮನಸ್ಸಿಗೆ ಬಂದೈತಿ. ನೀವು ಏನೂ ಮಾಡಾಕ ಹೋಗಬ್ಯಾಡ್ರಿ" ಎಂದು ಸಾವಿತ್ರಿ ನನಗೆ ಮೊದಲೇ ಹೇಳಿಟ್ಟಿದ್ದಳು. ನನಗೂ ಆ ಸಂಬಂಧ ಕೂಡಲೇಬೇಕಿತ್ತು. ಅಪ್ಪ ಹೋದ ಮೇಲೆ ಮನೆಯ ಹಿರಿಯ ನಾನೇ. ಬಂದ ಬೀಗರಿಗೆ ಕಾಲಿಗೆ ನೀರು ಕೊಡಲಾಗದ ಮನೆ ಅನಿಸಿಕೊಂಡರೆ ಹೇಗೆ?

ಬಜಾರಿನ ಅಂಗಡಿಯವನು ಹೊಸ ತರಹದ ನಾಲ್ಕು ಕ್ಲಾಂಪು ಕೊಟ್ಟ. ಅವಕ್ಕೆ ಸ್ಕ್ರೂ ಇಲ್ಲ. ಉಂಗುರದ ಒಂದು ಕಡೆ ಸಣ್ಣ ಕಿವಿಯಂತೆ ಎದ್ದು ನಿಂತಿರುತ್ತದೆ. ಆ ಕಿವಿಯನ್ನು ಹಿಂಡಿದರೆ ಉಂಗುರ ಬಿಗಿಯುತ್ತದೆ. ಕೇಳಲು ಎಷ್ಟು ಸುಲಭ! ಮನೆಗೆ ಬಂದು ಪಕ್ಕಡದಲ್ಲಿ ಹಿಂಡಿದೆ, ಜಾರಿ ಕಿವಿ ಸೊಟ್ಟಗಾಯಿತು. ಎರಡನೆಯದಕ್ಕೆ ವಾಯರು ಕತ್ತರಿಸುವ ಇಕ್ಕಳ ಹಾಕಿದೆ, ಕಿವಿ ಕತ್ತರಿಸಿಯೇ ಹೋಯಿತು. ಅವ್ವ ಅಡಿಕೆ ಕತ್ತರಿಸುವ ಅಡಕೊತ್ತಿಗೆ ಕೈ ಹಾಕುವಷ್ಟರಲ್ಲಿ ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಗೆ ನಡೆದಳು. ಒಳಗಿನಿಂದ ರೇಣುಕಾ ಏನೋ ಕೂಗಿ ಹೇಳುತ್ತಿದ್ದಳು. ಮದುವೆಯಾಗುವ ಹುಡುಗಿಗೆ ಪೈಪಿನ ಉಸಾಬರಿ ಯಾಕೆ ಎಂದು ನಾನು ಕೇಳಿಸಿಕೊಳ್ಳಲಿಲ್ಲ.

ಆಗಲೇ ನನಗೆ ಜ್ಞಾನೋದಯವಾದದ್ದು. ಕತ್ತರಿಸಬಾರದು, ಆದರೆ ಗಟ್ಟಿಯಾಗಿ ಹಿಂಡಬೇಕು. ಇಂಥ ಗುಣದ ಹತಾರ ನಮ್ಮ ದವಾಖಾನೆಯಲ್ಲೇ ಗೋಡೆಗೆ ತೂಗಾಡುತ್ತಿದೆಯಲ್ಲ! ಅದು ಹೋರಿಗಳ ಬೀಜ ಒಡೆದು ಎತ್ತು ಮಾಡುವ ಇಕ್ಕಳ. ಮೊಳಕೈಯಷ್ಟು ಉದ್ದದ ಹಿಡಿಕೆ, ಮೊಂಡು ಬಾಯಿ. ಚರ್ಮ ಹರಿಯದ ಹಾಗೆ ಒಳಗಿನದನ್ನು ಮಾತ್ರ ಹಿಂಡಿ ಕೆಲಸ ಮುಗಿಸುತ್ತದೆ. ನಮ್ಮ ಕಂಪೌಂಡರನನ್ನು ಕೇಳಿದೆ. "ಒಯ್ಯರಿ ಸಾಹೇಬ್ರ. ಆದ್ರ ಯಾರಿಗೆ ಅಂತ ಮಾತ್ರ ನನಗ ಹೇಳಬ್ಯಾಡ್ರಿ" ಎಂದ.

ಮರುದಿನ ಮುಂಜಾನೆ ಮೋಟರಿನ ಕಡೆಯ ಕ್ಲಾಂಪಿಗೆ ಅದನ್ನು ಹಾಕಿ, ಎರಡೂ ಕೈಯಿಂದ ಅದುಮಿದೆ. ಕಿವಿ ಹಾಗೇ ಮುದುಡಿ ಕೂತಿತು. ಇನ್ನು ಅಲ್ಲಿ ಹನಿ ನೀರೂ ಸೋರುವಂತಿರಲಿಲ್ಲ. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಇನ್ನೊಂದು ತುದಿ ಬಿಗಿಯಬೇಕು ಅನ್ನುವಷ್ಟರಲ್ಲಿ ಬಾಗಿಲ ಮುಂದೆ ಟೆಂಪೋ ನಿಂತಿತು. ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದರು. ಇಕ್ಕಳವನ್ನು ಕಟ್ಟೆಯ ಮೇಲಿಟ್ಟು ಕೈಮುಗಿಯುತ್ತ ಎದುರು ಹೋದೆ.

ಅವರೂ ನಮ್ಮ ಹಾಗೆ ದನ ಕುರಿ ಕಟ್ಟಿದ ಮಂದಿ. ಮುಂದೆ ಬಂದವರು ಹುಡುಗನ ದೊಡ್ಡಪ್ಪ, ತಲೆಗೆ ಹಳದಿ ಪಟಕಾ ಸುತ್ತಿದ್ದರು. ಕಾಲು ತೊಳೆಯಲು ಬಗ್ಗಿದವರು ಹಾಗೇ ನಿಂತರು. ಅವರ ಕಣ್ಣು ಕಟ್ಟೆಯ ಮೇಲಿತ್ತು. ಹಿಂದಿನವರ ಕಣ್ಣೂ ಅಲ್ಲಿಗೇ ಹೋಯಿತು.

"ಯಾಕ್ರೀ ಬೀಗರ, ಮನ್ಯಾಗ ಹೋರಿ ಕಟ್ಟೀರೇನು?" ಎಂದರು.

"ಇಲ್ರೀ" ಎಂದೆ. "ನೀವು ಬರತೀರಂತ ದವಾಖಾನಿಂದ ತಂದೇನಿ."

ಗಂಡಿನ ಕಡೆಯವರೆಲ್ಲ ಒಮ್ಮೆಲೇ ಹುಡುಗನ ಮುಖ ನೋಡಿದರು. ಪಾಪ, ಮಾಸ್ತರ ಎರಡು ಹೆಜ್ಜೆ ಹಿಂದೆ ಸರಿದು ಟೆಂಪೋದ ಬಾಗಿಲು ಹಿಡಿದುಕೊಂಡ. ಒಳಗೆ ಅವ್ವನ ಕೈಯಿಂದ ಯಾವುದೋ ಪಾತ್ರೆ ಬಿತ್ತು.

ಆಡಿದ ಮಾತು ಹೇಗೆ ಕೇಳಿಸಿತು ಎಂಬುದು ಆಮೇಲೆ ನನ್ನ ತಲೆಗೆ ಹೋಯಿತು. "ಅಲ್ರೀ, ಪೈಪಿಗೆ, ಪೈಪಿಗೆ!" ಎಂದು ಬಡಬಡಿಸಿದೆ. ಯಾರೂ ನಂಬಿದಂತೆ ಕಾಣಲಿಲ್ಲ. ನಂಬಿಸಲೇಬೇಕೆಂದು ಮೋಟರಿನ ಗುಂಡಿ ಒತ್ತಿದೆ. ನಾನು ಬಿಗಿದ ತುದಿ ಅಲುಗಲಿಲ್ಲ, ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ. ಬಿಗಿಯದ ಇನ್ನೊಂದು ತುದಿ ಕಿತ್ತುಕೊಂಡು, ಹೆಡೆಯೆತ್ತಿ, ನೇರವಾಗಿ ದೊಡ್ಡಪ್ಪನವರ ಪಟಕಾಕ್ಕೆ ನೀರು ಹೊಡೆಯಿತು. ನಾನು ಪೈಪು ಹಿಡಿಯಲು ಓಡಿದೆ. ಹಿಡಿದ ಮೇಲೆ ಅದನ್ನು ಯಾವ ಕಡೆ ತಿರುಗಿಸಬೇಕೆಂದು ತೋಚದೆ ಉಳಿದವರಿಗೂ ಸ್ನಾನ ಮಾಡಿಸಿದೆ. ಸಂಬಂಧ ಮುರಿಯಿತು ಅಂದುಕೊಂಡೆ.

ಅಷ್ಟರಲ್ಲಿ ಮೋಟರು ನಿಂತಿತು. ತಿರುಗಿ ನೋಡಿದರೆ ಸ್ವತಃ ರೇಣುಕಾ. ತಟ್ಟೆ ಹಿಡಿದು ತಲೆ ತಗ್ಗಿಸಿ ಬರಬೇಕಾದವಳು ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಿದ್ದಳು. ಕೈಯಲ್ಲಿ ಅಪ್ಪ ಮೊಳೆ ಕೀಳಲು ಬಳಸುತ್ತಿದ್ದ ಜಂಬೂರ. ಪೈಪನ್ನು ಕೊಳವೆಗೆ ತುರುಕಿ, ಕ್ಲಾಂಪಿನ ಕಿವಿಯನ್ನು ಜಂಬೂರದ ಅಗಲ ಬಾಯಲ್ಲಿ ಹಿಡಿದು, ಹದವಾಗಿ ಒಮ್ಮೆ ಅದುಮಿದಳು. ಕೆಲಸ ಮುಗಿಯಿತು.

"ನಿನ್ನಿಯಿಂದ ಜಂಬೂರ, ಜಂಬೂರ ಅಂತ ಬಡಕೊಳ್ಳಾಕತ್ತೇನಿ. ನೀ ಒಳಗ ನಡಿ ಅಣ್ಣಾ" ಎಂದಳು. ಆಮೇಲೆ ದೊಡ್ಡಪ್ಪನವರ ಕಡೆ ತಿರುಗಿ, "ಪಟಕಾ ಕೊಡ್ರಿ, ಬಿಸಲಿಗೆ ಹಾಕತೇನಿ" ಎಂದು ಕೈ ಚಾಚಿದಳು.

ಟೆಂಪೋದಲ್ಲೇ ಕೂತಿದ್ದ ಹುಡುಗನ ಆಯಿ, ಅವನ ಅಜ್ಜಿ, ಮೊದಲು ನಕ್ಕಳು. ಅವಳ ನಗು ದೊಡ್ಡಪ್ಪನವರಿಗೆ ಅಂಟಿತು. ಮಾಸ್ತರ ಟೆಂಪೋದ ಬಾಗಿಲು ಬಿಟ್ಟ. ಒದ್ದೆ ಬಟ್ಟೆಯಲ್ಲೇ ಎಲ್ಲರೂ ಉಪ್ಪಿಟ್ಟು, ಶಿರಾ ತಿಂದರು. ಚಹಾಕ್ಕೆ ಸಕ್ಕರೆ ಸರಿಯಾಗಿತ್ತು. ಏಳುವ ಮೊದಲೇ ದೊಡ್ಡಪ್ಪನವರು ಸಂಬಂಧ ಆತು ಅಂದರು, ಅವ್ವ ಎಲೆ ಅಡಿಕೆ ಕೊಟ್ಟಳು.

ಇಷ್ಟೆಲ್ಲ ಆದ ಮೇಲೂ ಹೆಣ್ಣನ್ನು ಹೇಗೆ ಒಪ್ಪಿದರು ಎಂಬುದು ನನಗೆ ಬಗೆಹರಿಯಲಿಲ್ಲ. ನಾನು ಬಿಗಿದ ತುದಿ ಸೋರದೇ ಇದ್ದದ್ದನ್ನು ಅವರು ಗಮನಿಸಿರಬೇಕು ಅಂದುಕೊಂಡೆ. ಮದುವೆಯ ಊಟದ ಪಂಕ್ತಿಯಲ್ಲಿ ಆಯಿಯ ಪಕ್ಕ ಕೂತು, ಮೆಲ್ಲಗೆ ಕೇಳಿಯೂ ಬಿಟ್ಟೆ.

ಆಯಿ ಹೋಳಿಗೆ ಮುರಿಯುತ್ತ ನನ್ನ ಬೆನ್ನು ಸವರಿದಳು. "ಅಯ್ಯ ತಮ್ಮಾ, ನಿನ್ನನ್ನ ನೋಡೇ ಒಪ್ಪಿದ್ವಿ. ಇಂಥಾ ಅಣ್ಣನ್ನ ಸಂಭಾಳಿಸಿದಾಕಿ ನಮ್ಮ ಮನೀನ ಸಂಭಾಳಿಸಲಾರಳೇನು?"

ಈಗ ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ: ತಂಗಿಯ ಸಂಬಂಧ ಕೂಡಿದ್ದು ನನ್ನಿಂದಲೇ. ಹೇಗೆ ಎಂದು ಮಾತ್ರ ಯಾರೂ ಕೇಳಬಾರದು.