ಮಾವನ ಅಂಗಾಲಿನ ಲೆಕ್ಕ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಸೋದರಮಾವನ ಬಲಗಾಲು ಬದುಕಿನಲ್ಲೇ ಮೊದಲ ಸಲ ಸುಳ್ಳು ಹೇಳಿತು. ಗಂಟೆ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಹೈದರಾಬಾದಿನ ಕಾಲೇಜಿನಿಂದ ಪದವಿಯ ಜೊತೆಗೆ ಒಂದು ಕೈಗಡಿಯಾರವನ್ನೂ ತಂದಿದ್ದೆ. ಅದನ್ನು ಆಗಷ್ಟೇ ನಾಲ್ಕು ಜನರಿಗೆ ಕಾಣುವಂತೆ ತೋಳು ಚಾಚಿ ನೋಡಿಕೊಂಡಿದ್ದೆ. ಇಂದಿಗೂ ಯಾರಾದರೂ ಗಂಟೆ ಎಷ್ಟೆಂದು ಕೇಳಿದರೆ ನನಗೆ ಮೊದಲು ಕಾಣುವುದು ಆ ಒಂದೂ ಹತ್ತು!

ಕಾಲು ಎಲ್ಲಾದರೂ ಮಾತಾಡುತ್ತದೆಯೇ? ನಮ್ಮ ಮಾವನದು ಮಾತಾಡುತ್ತಿತ್ತು. ಹಿಟ್ನಾಳದ ಆಚೆ, ಬಂಡೆಗಳ ನಡುವಿನ ನಮ್ಮ ಊರಿನಲ್ಲಿ ಬಿಸಿಲನ್ನು ಅಳೆಯುವವನು ಅವನೊಬ್ಬನೇ. ಅದಕ್ಕಾಗಿ ಆತ ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿದವನಲ್ಲ. ಮದುವೆಯಲ್ಲಿ ಬೀಗರು ಕೊಟ್ಟ ಜರಿಯ ಜೋಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಮೆರವಣಿಗೆ ಮುಗಿಸಿದನಂತೆ!

ಬೇಸಗೆಯಲ್ಲಿ ದಿನಾ ನಡುಮಧ್ಯಾಹ್ನ ಆತ ಎರಡು ಕಡೆ ನಡೆಯುತ್ತಿದ್ದ. ಮೊದಲು ಊರ ಹಿಂದಿನ ಬೋಳು ಬಂಡೆಯ ಮೇಲೆ, ಆಮೇಲೆ ಬಾವಿಯ ದಾರಿಯಲ್ಲಿ. ಸುಡುವುದನ್ನು ತಾಳಲಾರದೆ ಎಷ್ಟನೆಯ ಹೆಜ್ಜೆಗೆ ಕುಣಿಯುತ್ತಾನೋ ಅದೇ ಆ ದಿನದ ಬಿಸಿಲು. ಆ ಅಂಕಿಯನ್ನು ಪಡಸಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದ. ಇದ್ದಿಲಿನಲ್ಲಿ ಬರೆ ಅಂದವರನ್ನು ಹೊಡೆಯಲು ಹೋಗುತ್ತಿದ್ದ.

"ಕಲ್ಲಿನ ಮ್ಯಾಲ ನಲವತ್ತು ಹೆಜ್ಜಿ, ಅಳಿಯಾ. ನಾ ಹುಡುಗ ಇದ್ದಾಗೂ ನಲವತ್ತು, ಈಗೂ ನಲವತ್ತು. ಅದು ಸೂರ್ಯಾನ ಪಾಲು. ಬಾವಿ ದಾರ್ಯಾಗ ಮೊದಲ ನಾ ಕುಣದವನs ಅಲ್ಲ. ಈಗ ಅರವತ್ತಕ್ಕ ಕುಣೀತೀನಿ. ಇದು ಯಾರ ಪಾಲು, ಹೇಳು?"

"ನಿನ್ನ ಅಂಗಾಲಿಗೆ ವಯಸ್ಸಾಗೇತಿ, ಮಾವಾ."

"ವಯಸ್ಸು ಬರೇ ಬಾವಿ ದಾರ್ಯಾಗ ಆಗ್ತೈತೇನು? ಕಲ್ಲಿನ ಮ್ಯಾಲ ಆಗಂಗಿಲ್ಲೇನು?"

ಕಾಲೇಜಿನಲ್ಲಿ ನನ್ನನ್ನು ಯಾರೂ ಇಷ್ಟು ಚೊಕ್ಕವಾಗಿ ಸೋಲಿಸಿರಲಿಲ್ಲ. ಆ ದಾರಿಯ ಎರಡೂ ಬದಿಗೆ ಹೊಂಗೆಯ ಮರಗಳಿದ್ದವು. ಎರಡನೆಯ ಮಹಾಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಮೋಟಾರುಗಳು ಇದ್ದಿಲು ಉರಿಸಿ ಓಡತೊಡಗಿದವು. ಇದ್ದಿಲಿನ ಗುತ್ತೇದಾರನೊಬ್ಬ ಬಂದು ಒಂದು ಬದಿಯ ಸಾಲನ್ನು ಕಡಿದು ಸುಟ್ಟಿದ್ದ. ಇನ್ನೊಂದು ಸಾಲು ಉಳಿದಿತ್ತು. ಅದರ ಮೇಲೂ ಅವನ ಕಣ್ಣಿತ್ತು.

ಸೋತವನು ಸುಮ್ಮನಿರಬಹುದಿತ್ತಲ್ಲ? ನಾನು ಸೂರ್ಯನ ಕಲೆಗಳು, ಬೆಂಕಿ ಉಗುಳುವ ಬೆಟ್ಟಗಳು ಎಂದೆಲ್ಲ ಹೇಳಿ, ಭೂಮಿ ಬಿಸಿಯಾಗಲು ಪ್ರಕೃತಿಯೂ ಕಾರಣವೆಂದು ಸಾಧಿಸಲು ಹೊರಟೆ. ಬಾಯಿ ತಪ್ಪಿ, ಇದ್ದಿಲು ಕಲ್ಲಿದ್ದಲಿನ ಹೊಗೆಯಲ್ಲಿರುವ ಒಂದು ಗಾಳಿ ಬಿಸಿಯನ್ನು ಕಂಬಳಿಯಂತೆ ಹಿಡಿದಿಡುತ್ತದೆಂದು ನಮ್ಮ ಮೇಷ್ಟ್ರು ಹೇಳಿದ್ದನ್ನೂ ಹೇಳಿಬಿಟ್ಟೆ. ಮಾವನಿಗೆ ಅಷ್ಟೇ ಸಾಕಾಯಿತು! ಮಾರನೆಯ ದಿನ, ಬೆನ್ನಿಗೆ ಇದ್ದಿಲಿನ ಪೀಪಾಯಿ ಕಟ್ಟಿಕೊಂಡು ಬಂದ ಕೊಪ್ಪಳದ ಬಸ್ಸಿಗೆ ಅಡ್ಡ ನಿಂತ.

"ಏ, ಯಾರಿಗೆ ಹೊಚ್ಚಾಕ ಕಂಬಳಿ ನೇಯಾಕತ್ತೀಯೋ?"

ಡ್ರೈವರನಿಗೆ ಏನೂ ತಿಳಿಯಲಿಲ್ಲ. "ಮುತ್ಯಾ, ಹತ್ತೂದಾದ್ರ ಹತ್ರಿ, ಇಲ್ಲಾ ಸರೀರಿ!"

"ಹತ್ತಂಗಿಲ್ಲ. ಸರಿಯಂಗೂ ಇಲ್ಲ!"

ಮನೆಯಲ್ಲೂ ಇದೇ ಹಟ. ಅತ್ತೆಯ ಒಲೆಯ ಹೊಗೆಗೂ ತಕರಾರು ತೆಗೆದ. ಅತ್ತೆ ಮೊರದಲ್ಲಿ ಜೋಳ ತಂದು ಮುಂದಿಟ್ಟಳು: "ಹೊಗಿ ಬ್ಯಾಡಂದ್ರ ಹಸೀ ಜ್ವಾಳಾ ತಿನ್ರಿ." ಒಂದು ದಿನ ತಿಂದ. ಎರಡನೆಯ ದಿನ ಒಲೆಗೆ ಮಾಫಿ ಸಿಕ್ಕಿತು.

ಉಳಿದ ಸಾಲನ್ನು ಕಡಿಯಲು ಪರವಾನಗಿ ಕೊಡಬೇಕೋ ಬೇಡವೋ ಎಂದು ನೋಡಲು ತಾಲೂಕಿನ ಸಾಹೇಬರೊಬ್ಬರು ಬಂದರು. ಕುಳಿತದ್ದು ಅದೇ ಹೊಂಗೆಯ ನೆರಳಿನಲ್ಲಿ! ಮಾವ ಕೈಮುಗಿದು, "ಬೂಟು ಕಳೀರಿ ಸಾಹೇಬ್ರ, ನನ್ನ ಕೂಡ ಆ ಕಡಿದ ಬದಿಗೆ ನಡೀರಿ, ನೀವs ಎಣಸ್ರಿ" ಎಂದ. ಸಾಹೇಬರು ನಕ್ಕರು. ಗುತ್ತೇದಾರನೂ ನಕ್ಕ.

"ಇಂವನ ಕಾಲು ಅಷ್ಟು ಖರೇ ಇದ್ರ, ನನ್ನ ಭಟ್ಟಿ ಹತ್ತಿ ಬಿಸಿ ಎಷ್ಟೈತಿ ಹೇಳ್ಲಿ ನೋಡೂಣು!"

ಆತ ತಮಾಷೆಗೆ ಹೇಳಿದ್ದ. ಕಟ್ಟಿಗೆ ಒಟ್ಟಿ, ಹುಲ್ಲು ಹೊದಿಸಿ, ಮೊಳದಷ್ಟು ದಪ್ಪ ಮಣ್ಣು ಮೆತ್ತಿದ ಇದ್ದಿಲಿನ ಭಟ್ಟಿ ಹತ್ತಿರದಲ್ಲೇ ನಾಲ್ಕು ದಿನದಿಂದ ಒಳಗೊಳಗೇ ಬೇಯುತ್ತಿತ್ತು. ಮಾವ ಆ ಕಡೆ ನಡೆದ. ತಡೆಯಬೇಕಾದ ನಾನು ಏನು ಮಾಡುತ್ತಿದ್ದೆ? ಹೇಳಿದೆನಲ್ಲ, ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ.

ಒಂದು, ಎರಡು, ಮೂರು. ಮಾವ ಭಟ್ಟಿಯ ನೆತ್ತಿಯಿಂದ ಕೂಗಿದ: "ತಂಪೈತೋ ಅಳಿಯಾ! ಗುಡಿ ಕಟ್ಟಿ ಇದ್ದಂಗ ಐತಿ!"

ಏಳನೆಯ ಹೆಜ್ಜೆಗೆ ಮಣ್ಣು ಕುಸಿಯಿತು.

ಬಲಗಾಲು ಮೊಳಕಾಲಿನತನಕ ಒಳಗೆ ಹೋಯಿತು. ಕೆಂಪಗೆ ಒಂದು ಉಸಿರು ಮೇಲೆದ್ದಿತು. ನಾನು ಓಡಿ ಹತ್ತಿ ಅವನ ಕಂಕುಳಿಗೆ ಕೈಹಾಕಿ ಎಳೆದೆ, ನನ್ನ ಸೊಂಟ ಹಿಡಿದು ಎಳೆದವನು ಗುತ್ತೇದಾರ. ಮೂವರೂ ಉರುಳಿ ಕೆಳಗೆ ಬಿದ್ದೆವು. ಬಿಳಿಚಿಹೋಗಿದ್ದ ಸಾಹೇಬರು, "ಈ ಮುತ್ಯಾನ ಕಾಲು ವಾಸಿ ಆಗೂತನಕ ಒಂದು ಗಿಡಾನೂ ಮುಟ್ಟಬಾರದು, ಇದು ನನ್ನ ಹುಕುಂ!" ಎಂದರು.

ಆಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮಾವ ನೋವಿಗೆ ಚೀರುವನು. ನಾನು ಕಣ್ಣು ಮುಚ್ಚಿದರೆ ಸಾಕು, ಎಣಿಕೆ ಶುರುವಾಗಿ ಏಳಕ್ಕೆ ಮಣ್ಣು ಕುಸಿಯುವುದು.

ಮೂರು ತಿಂಗಳಿಗೆ ಗಾಯ ಒಣಗಿತು, ನಿದ್ದೆಯಲ್ಲಿ ಚೀರುವುದಷ್ಟೇ ಉಳಿಯಿತು. ಆದರೆ ಹುಕುಮಿನ ಮಾತು ಮಾವನಿಗೆ ಮರೆತಿರಲಿಲ್ಲ! ವಾರಕ್ಕೊಮ್ಮೆ ಗುತ್ತೇದಾರನ ಆಳು ಬಂದು, "ಕಾಲು ಹ್ಯಾಂಗೈತ್ರಿ ಮುತ್ಯಾ?" ಎನ್ನುವನು. ಅಂಗಳದಲ್ಲಿ ಓಡಾಡಿಕೊಂಡಿದ್ದ ಮಾವ ದೊಪ್ಪನೆ ಹೊರಸಿನ ಮೇಲೆ ಬೀಳುವನು. "ಅಯ್ಯಯ್ಯೋ! ಹ್ವಾದ ವಾರಕ್ಕಿಂತ ಜಾಸ್ತಿ ಆಗೇತೋ!" ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡುವಳು.

"ಖರೇ ಹೇಳು ಮಾವಾ, ಕಾಲು ಛಲೋ ಆಗೇತಿಲ್ಲೋ?"

"ನಾ ಯಾಕ ಛಲೋ ಮಾಡ್ಕೊಳ್ಳಲಿ? ಅವರು ಮೊದಲ ಕೊಡ್ಲಿ ಕೆಳಗ ಇಳಸ್ಲಿ, ಆಮ್ಯಾಲ ನೋಡೂಣು."

ನಾವೆಲ್ಲ ಅದನ್ನು ನಾಟಕವೆಂದೇ ತಿಳಿದೆವು.

ಮುಂದಿನ ಬೇಸಗೆಯ ಒಂದು ಮಧ್ಯಾಹ್ನ ಮಾವ ಹೊರಸಿನಲ್ಲಿರಲಿಲ್ಲ. ಹುಡುಕುತ್ತ ಹೋದರೆ, ಬೋಳು ಬಂಡೆಯ ಮೇಲೆ ಕೋಲು ಊರಿ, ಎಡಗಾಲೆತ್ತಿ, ಬಲಗಾಲೊಂದರ ಮೇಲೆ ನಿಂತಿದ್ದ. ನಾನು ಎಣಿಸಿದೆ. ನಲವತ್ತಾಯಿತು, ಎಂಬತ್ತಾಯಿತು. ಕುಣಿಯಲಿಲ್ಲ.

"ಭಲೇ ಮಾವಾ! ಎಂಬತ್ತು!"

ಆತ ತಿರುಗಿ ನೋಡಲಿಲ್ಲ. "ಕಾಲು ಏನೂ ಹೇಳವಲ್ದೋ ಅಳಿಯಾ," ಎಂದ. "ಏನೂ ಅಂದ್ರ ಏನೂ ಹೇಳವಲ್ದು."

"ಎಡಗಾಲು ಐತಲ್ಲ?"

"ಕೋಲು ಹಿಡದ ನಡಿಗಿ ಬ್ಯಾರೆ. ಹಳೇ ಲೆಕ್ಕಕ್ಕ ಹೊಂದಂಗಿಲ್ಲ. ಸುಳ್ಳ ಅಂಕಿ ಬರೀಲೇನು?"

ನಾನು ಕೆಳಗೆ ಕುಳಿತು ಬೂಟು ಬಿಚ್ಚಿದೆ. ಕೈಗಡಿಯಾರವನ್ನೂ ಬಿಚ್ಚಿ ಅದರೊಳಗಿಟ್ಟೆ. ಬಂಡೆಯ ಮೇಲೆ ಹೆಜ್ಜೆ ಇಟ್ಟೆ. ಮಾವ ಎಣಿಸತೊಡಗಿದ. ಏಳನೆಯದನ್ನು ಮೆಲ್ಲಗೆ ಊರಿದೆ. ಬಂಡೆ ಕುಸಿಯಲಿಲ್ಲ. ಒಂಬತ್ತಕ್ಕೆ ಕುಣಿದೆ.

"ಒಂಬತ್ತು!" ಮಾವ ಕೋಲು ಬಿಟ್ಟು ಕುಳಿತು ನಕ್ಕ. ಅಷ್ಟು ನಕ್ಕದ್ದನ್ನು ವರ್ಷದಿಂದ ಕಂಡಿರಲಿಲ್ಲ. "ಕಾಲೇಜ್ ಓದಿದ ಕಾಲು, ಒಂಬತ್ತು!" ಆಮೇಲೆ ಕಣ್ಣೊರೆಸಿಕೊಂಡು ಹೇಳಿದ: "ಹೋಗು, ಗ್ವಾಡಿ ಮ್ಯಾಲ ಬರಿ. ನಿನ್ನ ಲೆಕ್ಕ ಅಲ್ಲಿಂದ ಶುರು. ಮತ್ತ... ಎರಡೂ ಕಾಲು ಜ್ವಾಪಾನ."

ಮಾವ ಕಲಸಿಕೊಟ್ಟ ಸುಣ್ಣದಲ್ಲಿ ಒಂಬತ್ತು ಎಂದು ಬರೆದೆ. ಆ ರಾತ್ರಿ ಮಾವ ಚೀರಲಿಲ್ಲ. ನನ್ನ ಕನಸಿನಲ್ಲಿ ಮಣ್ಣೂ ಕುಸಿಯಲಿಲ್ಲ. ಎಚ್ಚರವಾದಾಗ ಅಂಗಳಕ್ಕೆಲ್ಲ ಬಿಸಿಲು ಬಂದಿತ್ತು. ನನ್ನ ಅಂಗಾಲಿನ ಗುಳ್ಳೆಗಳಿಗೆ ಯಾರೋ ಹೊಂಗೆಯ ಎಣ್ಣೆ ಸವರಿ ಹೋಗಿದ್ದರು, ಕಾಲ್ಬೆರಳುಗಳ ಸಂದಿಯಲ್ಲೆಲ್ಲ ಸುಣ್ಣದ ಗುರುತು ಬಿಟ್ಟು.