ಸಾಕ್ಷಿ ಹೇಳಿದ ಸಿಡಿ

ಖಾನಾಪುರದ ತಮ್ಮಣ್ಣ ತನ್ನ ಟ್ರಂಕು ತೆಗೆದು ರುಮಾಲುಗಳಿಗೆ ಬಿಸಿಲು ತೋರಿಸದೇ ಇದ್ದಿದ್ದರೆ, ಬೆಳಗಾವಿಯ ರಾಮತೀರ್ಥ ನಗರದಲ್ಲಿದ್ದ ಸಿದರಾಯನ ಶನಿವಾರ ಸುಸೂತ್ರವಾಗಿ ಕಳೆಯುತ್ತಿತ್ತು.

ಮರುದಿನ ಸಿದರಾಯನ ಮಗಳು ಸಮೃದ್ಧಿಯ ನಿಶ್ಚಯ. ತಮ್ಮಣ್ಣ ಸಿದರಾಯನ ಹೆಂಡತಿ ಪ್ರಮಿಳಾಳ ಅಣ್ಣ, ಅಂದರೆ ಹುಡುಗಿಯ ಸೋದರಮಾವ. ಕಾರ್ಯಕ್ಕೆ ಯಾವ ರುಮಾಲು ಸುತ್ತಿಕೊಳ್ಳಲಿ ಎಂದು ಅವನು ಟ್ರಂಕು ತೆಗೆದಿದ್ದ. ಮದುವೆಯಲ್ಲಿ ಬಂಧುಗಳಿಗೆ ಬಟ್ಟೆಯ ಉಡುಗೊರೆ ಕೊಟ್ಟು, ಗಂಡಸರ ತಲೆಗೆ ಎಲ್ಲರೆದುರು ರುಮಾಲು ಸುತ್ತುವುದಕ್ಕೆ ಆ ಕಡೆ ಆಯೇರಿ ಎನ್ನುತ್ತಾರೆ. ಊಟದಲ್ಲಿ ಉಪ್ಪು ಕಡಿಮೆಯಾದರೆ ಜನ ಮರೆತಾರು, ಆಯೇರಿ ತಪ್ಪಿದರೆ ಮರೆಯುವುದಿಲ್ಲ. ತಮ್ಮಣ್ಣನಿಗಂತೂ ತನ್ನ ಟ್ರಂಕಿನ ಒಂದೊಂದು ರುಮಾಲಿನ ಜಾತಕವೂ ಬಾಯಿಪಾಠ.

ಬೆಳಗಿನ ಚಹಾ ಆರುವ ಮೊದಲೇ ಅವನ ಫೋನು ಬಂತು.

"ಸಿದರಾಯ್ರ, ನಿಮ್ಮ ಮದವಿ ರುಮಾಲ ನನ್ನ ಟ್ರಂಕಿನ್ಯಾಗ ಇಲ್ಲ."

"ಇಲಿ ಗಿಲಿ ಕಡದಿರಬೇಕ್ರಿ ಭಾವಾರ."

"ಇಲಿ ನಿಮ್ಮದಷ್ಟ ಹುಡುಕಿ ತಿಂತೈತೇನ್ರಿ? ನೀವು ಸುತ್ತೇ ಇಲ್ಲ! ಹೆಣ್ಣಿನ ಅಣ್ಣಗ ಆಯೇರಿ ಮಾಡದ ಮಂದಿ ಮನಿಗೆ ನಾ ಯಾಕ ಬರ್ಲಿ?"

"ಮದವಿ ವಿಡಿಯೋ ಐತೆಲ್ರಿ! ಮೊಬೈಲಿಗೆ ಹಾಕಿ ಕಳಸ್ತೀನಿ, ನೋಡ್ರಿ."

"ಮೊಬೈಲಿಂದ ನಂಬಂಗಿಲ್ರಿ. ಈಗ ಅದೇನೋ ಎಐ ಬಂದೈತಿ, ಎಮ್ಮಿ ತಲಿಗೂ ರುಮಾಲ ಸುತ್ತಿ ತೋರಸ್ತಾರ. ಅಸಲ ಸಿಡಿ ತಗೊಂಡ ಬರ್ರಿ, ನನ್ನ ಕಣ್ಣ ಮುಂದ ಹಚ್ಚರಿ. ಖರೇ ಇದ್ರ ನಾಳೆ ಎಲ್ಲಾರಕಿಂತ ಮೊದಲ ಬರ್ತೀನಿ."

ಪ್ರಮಿಳಾ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಸೋದರಮಾವ ಇಲ್ದ ನನ್ನ ಮಗಳ ಹಣಿಗೆ ಬೀಗರು ಕುಂಕುಮ ಹಚ್ಚಾಂಗಿಲ್ಲ. ಅಣ್ಣನ್ನ ಕರಕೊಂಡ ಬರೂದು ನಿಮ್ಮ ಜವಾಬ್ದಾರಿ."

ಸಿಡಿ ಸಿಗುವುದು ಕಷ್ಟವಾಗಲಿಲ್ಲ. ಅಲಮಾರಿನಲ್ಲಿ, ಪ್ರಮಿಳಾಳ ಧಾರೆ ಸೀರೆಯ ಮಡಿಕೆಯಲ್ಲಿ, ಬಿಸಿಲು ಧೂಳು ತಾಗದೆ ಭದ್ರವಾಗಿತ್ತು. ಸಿದರಾಯ ಅದನ್ನು ಪ್ರಸಾದದ ತಟ್ಟೆಯಂತೆ ಹಿಡಿದುಕೊಂಡು ಮಗಳ ಲ್ಯಾಪ್‌ಟಾಪಿನ ಹತ್ತಿರ ಹೋದ. ಮೊದಲು ಮನೆಯಲ್ಲಿ ಒಮ್ಮೆ ಹಾಕಿ ನೋಡುವುದು ಅವನ ಯೋಚನೆ.

"ಪಪ್ಪಾ, ಇದರಾಗ ಸಿಡಿ ಹಾಕೋ ಜಾಗಾನ ಇಲ್ಲ" ಎಂದಳು ಸಮೃದ್ಧಿ. ಹಪ್ಪಳದಷ್ಟು ತೆಳ್ಳಗಿದ್ದ ಆ ಯಂತ್ರದಲ್ಲಿ ಸಿಡಿ ಹೋಗಲಿ, ಬೆರಳು ಇಡಲೂ ಕಿಂಡಿ ಇರಲಿಲ್ಲ. ಟಿವಿಯ ಕೆಳಗಿದ್ದ ಡಿವಿಡಿ ಪ್ಲೇಯರು ಹಿಂದಿನ ದೀಪಾವಳಿಯಲ್ಲೇ ಗುಜರಿ ಸೇರಿತ್ತು.

ಆಗ ಕಂಪೌಂಡಿನ ಆಚೆಯಿಂದ ಈರಯ್ಯನವರ ತಲೆ ಮೇಲೆದ್ದಿತು. ಪಕ್ಕದ ಮನೆಯ ಈರಯ್ಯ ನಿವೃತ್ತ ಗ್ರಂಥಪಾಲಕರು. ನಿವೃತ್ತಿಯ ನಂತರ ಓಣಿಯ ಎಲ್ಲರ ಸಮಸ್ಯೆಗಳನ್ನೂ ವರ್ಗೀಕರಿಸಿ ಇಡುವುದು ಅವರ ಕೆಲಸ.

"ಸಿಡಿ ಅಂದ್ರ ಕಾಯಂ ವಸ್ತು, ಸಿದರಾಯ್ರ. ಪೆನ್ ಡ್ರೈವ್ ಕೈಕೊಡ್ತೈತಿ, ಹಾರ್ಡ್ ಡಿಸ್ಕ್ ಕುಂದರ್ತೈತಿ, ಸಿಡಿ ಮಾತ್ರ ಹಂಗ ಇರ್ತೈತಿ. ಬರ್ರಿ, ನನ್ನ ಲ್ಯಾಪ್‌ಟಾಪಿನ್ಯಾಗ ಹಾಕೂಣು."

ಅವರ ಕಪಾಟಿನಲ್ಲಿ ಪತ್ರಿಕೆಗಳ ಜೊತೆ ಪುಕ್ಕಟೆ ಬಂದ ಸಿಡಿಗಳು ಸಾಲಾಗಿ, ಅಕಾರಾದಿಯಾಗಿ ನಿಂತಿದ್ದವು. ಈರಯ್ಯ ಲ್ಯಾಪ್‌ಟಾಪು ತೆಗೆದು ಬಲಗಡೆ ತಡವಿದರು. ಎಡಗಡೆ ತಡವಿದರು. ತಿರುವಿ ಹಾಕಿ ಎಮ್ಮೆಯ ಕೆಚ್ಚಲು ನೋಡುವಂತೆ ಕೆಳಗೂ ನೋಡಿದರು.

"ಇಲ್ಲೇ ಎಲ್ಲೋ ಇರಬೇಕಾಗಿತ್ತಲ್ಲ!"

"ಯಾವಾಗ ತಗೊಂಡಿದ್ರಿ ಇದನ್ನ?"

"ಕೋವಿಡ್ ಟೈಮಿನ್ಯಾಗ. ಈವರೆಗೂ ಸಿಡಿ ಹಾಕೋ ಪ್ರಸಂಗ ಬಂದಿರಲಿಲ್ಲ ನೋಡ್ರಿ."

ಕಾಯಂ ವಸ್ತುವಿಗೆ ಆದ ಈ ಅವಮಾನವನ್ನು ಈರಯ್ಯ ಸ್ವಂತದ್ದೆಂದೇ ತಿಳಿದರು. ಸಿದರಾಯ ಬೇಡವೆನ್ನುವಷ್ಟರಲ್ಲಿ ಅವನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟಿದ್ದರು.

ಪೇಟೆಯಲ್ಲಿ ಓಂಕಾರ ಎಂಬವನ ಕಂಪ್ಯೂಟರ್ ಅಂಗಡಿ. ಅವನು ಸಿಡಿಯನ್ನು ತಿರುಗಿಸಿ ನೋಡಿ, ಅಜ್ಜಿಯ ಕಾಲದ ಬಿಲ್ಲೆ ತಂದು ಕೊಟ್ಟವರನ್ನು ನೋಡುವಂತೆ ಇಬ್ಬರನ್ನೂ ನೋಡಿದ.

"ಕಾಕಾ, ಈಗಿನ ಕಂಪ್ಯೂಟರ್ ಕ್ಯಾಬಿನೆಟ್ಟಿಗೆ ಮುಂದ ಆ ಕಿಂಡಿನ ಬರಂಗಿಲ್ಲ. ಕಂಪನಿಯವರು ಮುಚ್ಚಿಬಿಟ್ಟಾರ. ಯಾರೂ ಕೇಳಂಗಿಲ್ರಿ."

"ಯಾರೂ ಕೇಳಂಗಿಲ್ಲ? ಕೋರ್ಟಿನ್ಯಾಗ ಇವತ್ತೂ ಸಿಡಿ ಸಾಕ್ಷಿ ಇರ್ತೈತಿ" ಎಂದರು ಈರಯ್ಯ.

"ಹಂಗಾರ ಕೋರ್ಟಿಗೇ ಹೋಗ್ರಿ."

ಬಾಜು ನಿಂತಿದ್ದ ಒಬ್ಬ ಹೆಂಗಸು ಬಾಯಿ ಹಾಕಿದಳು. "ನಮ್ಮ ಅತ್ತಿ ಮಂಡಿ ಸ್ಕ್ಯಾನಿಂಗಿಗೂ ಸಿಡಿ ಕೊಟ್ಟಾರ್ರಿ. ಡಾಕ್ಟರ್ ಅದನ್ನ ಕೈಯಾಗ ಹಿಡದು, 'ಮೊಬೈಲ್‌ನ್ಯಾಗ ಫೋಟೋ ಇಲ್ಲೇನ್ರಿ?' ಅಂತ ಕೇಳಿದ್ರು. ಈಗ ಅದನ್ನ ಬಾಲ್ಕನ್ಯಾಗ ಕಟ್ಟೀವಿ, ಪಾರಿವಾಳ ಹೆದರ್ತಾವ."

ಓಂಕಾರ ಮೇಜಿನ ಕೆಳಗಿನಿಂದ ಹಳೆಯ ಡ್ರೈವುಗಳ ಡಬ್ಬ ಎಳೆದ. ಕೆಲವಕ್ಕೆ ಅಗಲ ಪಟ್ಟಿಯ ಕೇಬಲ್ಲು ಬೇಕು. ಅದನ್ನು ಸಿಕ್ಕಿಸುವ ಜಾಗ ಹೊಸ ಬೋರ್ಡುಗಳಲ್ಲಿ ಇಲ್ಲ. ಕೊನೆಗೆ ಹೊಂದಿಕೊಂಡ ಒಂದಕ್ಕೆ ಕರೆಂಟು ಕೊಟ್ಟರೆ ಅದರ ಬಾಯಿ ತೆರೆಯದು. ಓಂಕಾರ ಸಣ್ಣ ತೂತಿಗೆ ಪಿನ್ನು ಚುಚ್ಚಿದ. ತಟ್ಟೆ ಹೊರಗೆ ಬಂತು. ಅದರಲ್ಲಿ ಆಗಲೇ ಯಾರದೋ ಸಿಡಿ ಇತ್ತು. ಅದನ್ನು ತೆಗೆದು ಸಿದರಾಯನದನ್ನು ಇಟ್ಟರೆ, ಡ್ರೈವು ಒಮ್ಮೆ ಗುರ್ರೆಂದು, ಊಟ ಬೇಡವೆನ್ನುವ ಮಗುವಿನಂತೆ ತಟ್ಟೆಯನ್ನು ಹೊರಗೆ ದೂಡಿ ಸುಮ್ಮನಾಯಿತು.

"ಹೊರಗಿನಿಂದ ಹಚ್ಚೋ ಡ್ರೈವ್ ಸಿಗತೈತ್ರಿ. ಇವತ್ತ ಆರ್ಡರ್ ಮಾಡಿದ್ರ ಸೋಮವಾರ ಕೈಯಾಗ."

"ನಿಶ್ಚಯ ನಾಳೆ ಐತೋ ಮಾರಾಯಾ!"

"ನಿಶ್ಚಯಾನ ಮುಂದ ಹಾಕ್ರಿ" ಎಂದ ಓಂಕಾರ. ಆ ಹೆಂಗಸೂ, ಅದು ಒಳ್ಳೆಯ ಮಾತು ಎಂದಳು.

ಅಷ್ಟರಲ್ಲಿ ಸಿದರಾಯನ ಅಕ್ಕ ಮಾಯಕ್ಕನ ಫೋನು ಬಂತು. ಸುದ್ದಿ ಪ್ರಮಿಳಾಳಿಂದ ಮಾಯಕ್ಕನ ಊರು ಪೀರನವಾಡಿಗೆ ಮುಟ್ಟಿತ್ತು. "ಸಿದ್ದ್ಯಾ, ನಿಮ್ಮ ಮಾಮಾನ ಹಳೇ ಕಂಪ್ಯೂಟರ್ ಐತಲ್ಲೋ. ಗುಜರಿಗೆ ಹಾಕ್ರಿ ಅಂತ ನಾ ಬಡಕೊಂಡ್ರೂ ಹಾಕಿಲ್ಲ. ಬಾ ಲಗೂನ."

ಮಾಯಕ್ಕನ ಗಂಡ ಮುತ್ತಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಪಡಸಾಲೆಯ ಮೂಲೆಯಲ್ಲಿ, ಹೆಣಿಕೆಯ ಹೊದಿಕೆ ಹೊದ್ದು, ಮೇಲೊಂದು ಪ್ಲಾಸ್ಟಿಕ್ ಹೂದಾನಿ ಹೊತ್ತು ಅವನ ಕಂಪ್ಯೂಟರು ನಿಂತಿತ್ತು. ಅದಕ್ಕೆ ಸಿಡಿಯ ಡ್ರೈವೂ ಇತ್ತು. ಗುಂಡಿ ಒತ್ತಿದರೆ ತಟ್ಟೆ ವಿಧೇಯವಾಗಿ ಹೊರಗೆ ಬರುತ್ತದೆ ಎಂದು ಮುತ್ತಪ್ಪನೇ ಹೇಳಿದ. ಒತ್ತಿ ತೋರಿಸಲಿಲ್ಲ.

"ಇಲ್ಲೇ ಒಮ್ಮೆ ಚಾಲೂ ಮಾಡಿ ನೋಡೂಣ್ರಿ ಮಾಮಾ."

"ಹುಚ್ಚ ಏನ ನೀ? ಇದು ದಿನಕ್ಕ ಒಂದ ಸಲಾನ ಚಾಲೂ ಆಗತೈತಿ. ಇಲ್ಲಿ ಎಬ್ಬಿಸಿದ್ರ ಖಾನಾಪುರದಾಗ ಮಲ್ಕೋತೈತಿ. ಎಬ್ಬಸೂದೇನಿದ್ರೂ ಅಲ್ಲೇ."

ಹೊಸದಕ್ಕೆ ಸಲಾಮು ಹೊಡೆಯುವ ಜಗತ್ತಿನಲ್ಲಿ ಕೊನೆಗೂ ಯಾರೋ ತನ್ನ ಕಂಪ್ಯೂಟರು ಕೇಳಿ ಬಂದರೆಂಬ ಸಂತೋಷಕ್ಕೆ ಮುತ್ತಪ್ಪ ತನ್ನ ವ್ಯಾನನ್ನೇ ಹೊರಡಿಸಿದ. ಮಾನಿಟರು ಸಿದರಾಯನ ತೊಡೆಯ ಮೇಲೆ, ಸಿಪಿಯು ಈರಯ್ಯನವರ ತೊಡೆಯ ಮೇಲೆ. ಖಾನಾಪುರದ ದಾರಿಯ ಪ್ರತಿ ಗುಂಡಿಗೂ ಮುತ್ತಪ್ಪ ಹಿಂತಿರುಗಿ, "ಹುಷಾರ್ರಿ, ಏನೂ ಆಗಿಲ್ಲಲ್ಲ?" ಎಂದು ಕೇಳುತ್ತಿದ್ದ. ಸೊಂಟ ನೋಯುತ್ತಿದ್ದ ಈರಯ್ಯ ಮೊದಲೆರಡು ಸಲ, "ಅಡ್ಡಿಯಿಲ್ರಿ" ಎಂದರು. ಆಮೇಲೆ ಅವನು ಕೇಳುತ್ತಿರುವುದು ಸಿಪಿಯುವನ್ನು ಎಂಬುದು ಅವರಿಗೆ ತಿಳಿಯಿತು.

ತಮ್ಮಣ್ಣನ ಮನೆಯಲ್ಲಿ ಯಾರೂ 'ಕುಂದರ್ರಿ' ಎನ್ನಲಿಲ್ಲ. ಅವನು ಕೈಕಟ್ಟಿ ಗೋಡೆಗೆ ಒರಗಿ ನಿಂತ. ಅವನ ಹೆಂಡತಿ ಲಕ್ಷ್ಮೀ ಮೊಬೈಲು ಹಿಡಿದು ಮುಂದೆ ಕುಳಿತಳು. ವ್ಯಾನಿನಿಂದ ಕಂಪ್ಯೂಟರು ಇಳಿದದ್ದು ಕಂಡ ಓಣಿಯವರು, ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಅರ್ಧ ವಿಚಾರಿಸುತ್ತ ಪಡಸಾಲೆ ತುಂಬಿದರು.

ಕಂಪ್ಯೂಟರು ಎದ್ದಿತು, ತನ್ನ ವಯಸ್ಸಿಗೆ ತಕ್ಕಂತೆ, ಎರಡು ಸಲ ಕೆಮ್ಮಿ. ಸಿಡಿ ಹಾಕಿದಾಗ ಬೀಸುವ ಕಲ್ಲಿನಂತೆ ಸದ್ದು ಬಂತು. ಪರದೆ ಕಪ್ಪಾಗಿಯೇ ಉಳಿಯಿತು. ಸಿದರಾಯ ಮನೆದೇವರನ್ನು ನೆನೆದ. ಆಗ ಗುಲಾಬಿಯೊಂದು ಅರಳಿ, ಅದರೊಳಗಿಂದ ಪ್ರಮಿಳಾಳ ಮುಖ ತಿರುಗುತ್ತ ತಿರುಗುತ್ತ ಹೊರಬಂದು ನಿಂತಿತು.

"ನೋಡಿದ್ರಿ? ಇಷ್ಟ ವರ್ಷ ಆದ್ರೂ ಹೆಂಗ ಐತಿ!" ಎಂದರು ಈರಯ್ಯ. ಪ್ರಮಿಳಾಳನ್ನಲ್ಲ, ಸಿಡಿಯನ್ನು ಕುರಿತು.

ಊಟದ ಪಂಕ್ತಿ ಹೋಯಿತು, ಅಕ್ಷತೆ ಹೋಯಿತು, ಬ್ಯಾಂಡಿನವರು ಹೋದರು. ಬಾಸಿಂಗ ಕಣ್ಣಿಗೆ ಅಡ್ಡ ಬಂದು, ಯಾರು ಎಲ್ಲಿದ್ದಾರೆಂದೇ ತಿಳಿಯದೆ ಕುಳಿತ ಮದುಮಗ ಸಿದರಾಯ ಬಂದು ಹೋದ. ಆಮೇಲೆ ಆಯೇರಿ. ಸಿದರಾಯನ ತಂದೆ, ಈಗಿಲ್ಲದವರು, ಗುಲಾಬಿ ಬಣ್ಣದ ರುಮಾಲು ಹಿಡಿದು ಬಂದರು. ಎದುರಿಗೆ ಕರಿ ಮೀಸೆಯ ತಮ್ಮಣ್ಣ. ರುಮಾಲು ಸುತ್ತು ಸುತ್ತಾಗಿ ಅವನ ತಲೆಯೇರಿತು. ತಮ್ಮಣ್ಣ ಕ್ಯಾಮೆರಾ ನೋಡಿ ಮೀಸೆ ತಿರುವಿದ.

ಪಡಸಾಲೆಯಲ್ಲಿ "ಹೋ" ಎಂಬ ಸದ್ದು. ಸಿದರಾಯನ ಎದೆ ಒಂದು ಗೇಣು ಅಗಲವಾಯಿತು.

"ತಪ್ಪಾತ್ರಿ ಸಿದರಾಯ್ರ" ಎಂದ ತಮ್ಮಣ್ಣ, ಗೋಡೆ ಬಿಟ್ಟು ಬಂದು. "ಕುಂದರ್ರಿ, ಕುಂದರ್ರಿ. ಏ, ಚಹಾ ಇಡು! ನಾಳೆ ಮುಂಜಾನೆ ನಿಮ್ಮ ಮನ್ಯಾಗ ನಾಷ್ಟಾಕ್ಕ ನಾ ಇರ್ತೀನಿ."

ಸಿದರಾಯ ಮೌಸಿನತ್ತ ಕೈಚಾಚಿದ. ಮುತ್ತಪ್ಪ ಆ ಕೈ ಹಿಡಿದ.

"ತಡಿಯೋ. ಇಷ್ಟ ದೂರ ಹೊತ್ತಗೊಂಡ ಬಂದೀನಿ, ನಂದೂ ಆಯೇರಿ ನೋಡತೀನಿ."

ಮುತ್ತಪ್ಪನದೂ ಬಂತು. ಗುಲಾಬಿ ರುಮಾಲು, ಸುತ್ತು ಸುತ್ತು, ನಗೆ. ಲಕ್ಷ್ಮೀ ಮೊಬೈಲಿನಲ್ಲಿ ಚಿತ್ರೀಕರಿಸುತ್ತ ಹುಬ್ಬು ಗಂಟಿಕ್ಕಿದಳು. "ಸ್ವಲ್ಪ ಹಿಂದ ಮಾಡ್ರಿ. ಅದರ ಸೆರಗಿಗೆ ಅರಿಷಿಣದ ಕೈ ಹತ್ತೇತಿ ನೋಡ್ರಿ. ನಮ್ಮವರದಕ್ಕೂ ಅಲ್ಲೇ ಹತ್ತಿತ್ತಲ್ಲ?"

ಬಟ್ಟೆಯ ವಿಷಯದಲ್ಲಿ ಹೆಂಗಸರ ಕಣ್ಣನ್ನು ಯಾರೂ ಪ್ರಶ್ನಿಸುವುದಿಲ್ಲ. ಹಿಂದೆ ಮಾಡಿದರು. ತಮ್ಮಣ್ಣ ಮೀಸೆ ತಿರುವಿ ಮುಗಿಸಿದ. ಕ್ಯಾಮೆರಾದವನು ಮುಂದೆ ಹೋಗಬೇಕಿತ್ತು, ಹೋಗಲಿಲ್ಲ. ಸಿದರಾಯನ ತಂದೆ ತಮ್ಮಣ್ಣನ ಕಿವಿಯಲ್ಲಿ ಏನೋ ಹೇಳಿ, ಮೆಲ್ಲಗೆ ರುಮಾಲು ಬಿಚ್ಚಿದರು. ಕೊಡವಿದರು. ಬಾಜು ಕುಳಿತಿದ್ದ ಮುತ್ತಪ್ಪನ ತಲೆಗೆ ಸುತ್ತಿದರು. ಅಲ್ಲಿಂದ ಬಿಚ್ಚಿ ಸಿದರಾಯನ ಕಾಕಾನ ತಲೆಗೆ, ಕಾಕಾನಿಂದ ಅವರ ಹಿರಿಯ ಅಳಿಯನಿಗೆ. ಜಾತ್ರೆಯ ತೊಟ್ಟಿಲಿನಂತೆ ಆ ಒಂದೇ ರುಮಾಲು ಇಡೀ ಬಂಧು ಬಳಗವನ್ನು ಏರಿ ಇಳಿದು, ಕೊನೆಗೆ ತಂದೆಯ ಕಂಕುಳಿನ ಚೀಲದಲ್ಲಿ ಮಡಿಕೆಯಾಗಿ ಕುಳಿತುಕೊಂಡಿತು.

"ನೆನಪಾತ್ರಿ!" ಎಂದ ತಮ್ಮಣ್ಣ. "'ಬೆವರ ಆಗತೈತಿ ತಮ್ಮಾ, ಬಿಚ್ಚಿ ಇಡ್ತೀನಿ, ಹೋಗಮುಂದ ಕೊಡ್ತೀನಿ' ಅಂದಿದ್ರು."

"ನನಗೂ ಅದನ ಅಂದಿದ್ರು" ಎಂದ ಮುತ್ತಪ್ಪ. ಅವನ ದನಿ ತಣ್ಣಗಿತ್ತು.

ಸಿದರಾಯ ಕಣ್ಣು ಮುಚ್ಚಿಕೊಂಡ. ಆದರೆ ಕೇಳಿಸಿದ್ದು ತಮ್ಮಣ್ಣನ ಗಹಗಹ ನಗೆ.

"ನಾ ಏನ ತಿಳಕೊಂಡಿದ್ದೆ, ನನಗೊಬ್ಬನಿಗೇ ತಪ್ಪಿಸ್ಯಾರ ಅಂತ! ಎಲ್ಲಾರಿಗೂ ಇದ ಮರ್ಯಾದಿ! ಹಂಗಾರ ನನಗೇನೂ ಬ್ಯಾಸರ ಇಲ್ರಿ. ಬರ್ತೀನಿ ನಾಳೆ, ಖರೇನ ಬರ್ತೀನಿ." ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಹೆಂಡತಿಯ ಮೊಬೈಲು ಇಸಿದುಕೊಂಡ. "ಮುಂಜಾನೆ ಬಳಗದ ವಾಟ್ಸಾಪ್ ಗ್ರೂಪಿನ್ಯಾಗ ನಾನೂ ಬಾಯಿಗೆ ಬಂದಂಗ ಬರದಿದ್ದೆ. ಖರೇ ಏನ ಅಂತ ಎಲ್ಲಾರಿಗೂ ಗೊತ್ತಾಗಲಿ."

"ಭಾವಾರ, ಬ್ಯಾಡ್ರಿ—"

ವಿಡಿಯೋ ಹೋಗಿಯಾಗಿತ್ತು. ಅಲಮಾರಿನಲ್ಲಿ ಸೀರೆಯ ಮಡಿಕೆಯೊಳಗೆ ಇಪ್ಪತ್ತನಾಲ್ಕು ವರ್ಷ ತೆಪ್ಪಗಿದ್ದದ್ದು, ಚಹಾ ಸೋಸುವಷ್ಟರಲ್ಲಿ ಬಂಧುಗಳ ಗ್ರೂಪಿನಲ್ಲಿ ಎಲ್ಲರ ಅಂಗೈಗೂ ಬಂದು ಬಿದ್ದಿತ್ತು.

ಮುತ್ತಪ್ಪ ವೈರು ಕಿತ್ತು, ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು, ಸಿಡಿ ಸಮೇತ ವ್ಯಾನಿಗೆ ಹಾಕಿಕೊಂಡು ಹೋದ. ಸಿದರಾಯ ಮತ್ತು ಈರಯ್ಯ ಬಸ್‌ಸ್ಟ್ಯಾಂಡಿಗೆ ನಡೆದರು. ದಾರಿಯುದ್ದಕ್ಕೂ ಸಿದರಾಯನ ಫೋನು ಹೊಡೆದುಕೊಂಡಿತು. ಕಾಕಾ ಬರುವುದಿಲ್ಲವಂತೆ. ಹಿರಿಯ ಅಳಿಯ ಬರುವುದಿಲ್ಲವಂತೆ. ಮಾಯಕ್ಕ, ಗಂಡನ ತಲೆಗೆ ಆದ ಅವಮಾನ ತನ್ನ ತಲೆಗೂ ಆದದ್ದೇ ಎಂದಳು.

ಕೊನೆಯ ಫೋನು ಬೀಗರದು, ಹುಡುಗನ ತಂದೆ ಲಕ್ಷ್ಮಣ ಅವರದು. ಹೊಸ ಬೀಗರೆಂದು ಪ್ರಮಿಳಾ ವಾರದ ಹಿಂದಷ್ಟೇ ಅವರನ್ನು ಹೆಮ್ಮೆಯಿಂದ ಗ್ರೂಪಿಗೆ ಸೇರಿಸಿದ್ದಳು. ಸಿದರಾಯ ಫೋನು ಎತ್ತಿದ.

"ಗಾಬರಿ ಆಗಬ್ಯಾಡ್ರಿ ಬೀಗರ, ನಾವು ನಾಳೆ ಹೇಳಿದ ಟೈಮಿಗೆ ಬರ್ತೀವಿ" ಎಂದರು ಲಕ್ಷ್ಮಣ, ಬಹಳ ಮರ್ಯಾದೆಯಿಂದ. "ಒಂದ ಮಾತ ಕೇಳೂದಿತ್ತು. ನಮ್ಮ ಕಡೆ ಗಂಡಸರು ರುಮಾಲ ಮನಿಯಿಂದನ ಸುತ್ತಿಕೊಂಡ ಬರೂಣೇನ್ರಿ?"